ಮೂವತ್ತಾರು ಇಂಚಿನ ಜಗತಿ

ಕಲ್ಲಿನ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಅರಸೀಕೆರೆಯಲ್ಲಿ ಇನ್ನೂ ಹುಟ್ಟಿಲ್ಲ ಎಂದು ಹೋದ ಕಾರ್ತಿಕದವರೆಗೂ ನಂಬಿದ್ದೆ. ನಂಬಿಕೆಗೆ ಆಧಾರವೂ ಇತ್ತು. ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುತ್ತಿದ್ದ ಕಾಲದಲ್ಲಿ ಮಕ್ಕಳನ್ನು ಕಟ್ಟಿಕೊಂಡು ಇಪ್ಪತ್ತೇಳು ಸಲ ಬೇಲೂರು ಹಳೇಬೀಡು ನೋಡಿಬಂದವನು ನಾನು. ಇಪ್ಪತ್ತೇಳು ಸಲವೂ ಗೈಡಿಗೆ ದುಡ್ಡು ಕೊಡದೆ ನಾನೇ ವಿವರಿಸಿದ್ದೇನೆ. 1117ರಲ್ಲಿ ವಿಷ್ಣುವರ್ಧನ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದ್ದು, ಬಳ್ಳಿಗಾವೆಯಿಂದ ದಾಸೋಜನೂ ಅವನ ಮಗ ಚಾವಣನೂ ಉಳಿ ಹಿಡಿದು ಬಂದದ್ದು, ಬಳಪದ ಕಲ್ಲು ಕೆತ್ತುವಾಗ ಮೆತ್ತಗೆ ಒದಗುವುದು, ಎಲ್ಲ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಬರುತ್ತದೆ. ಎಬ್ಬಿಸದಿದ್ದರೂ ಬರುತ್ತದೆ ಎನ್ನುವುದು ನನ್ನ ಹೆಂಡತಿಯ ದೂರು.

ಇಂಥವನ ಅಡುಗೆಮನೆಯಲ್ಲಿ ಇದ್ದದ್ದು ಕಡಪ ಕಲ್ಲಿನ ಕಟ್ಟೆ. 1991ರಲ್ಲಿ ಮನೆ ಕಟ್ಟಿಸಿದಾಗ ಹಾಕಿಸಿದ್ದು. ಕಟ್ಟೆಯ ಕೆಳಗೆ ಬಾಗಿಲುಗಳಿರಲಿಲ್ಲ. ಎರಡು ಮೊಳೆಗಳ ನಡುವೆ ಸ್ಪ್ರಿಂಗ್ ತಂತಿ ಎಳೆದು, ಅದಕ್ಕೆ ಹಳೇ ಸೀರೆ ಕತ್ತರಿಸಿ ಹೊಲಿದ ಪರದೆ ತೊಡಿಸಿತ್ತು. ಪರದೆಯ ಆಚೆ ಸಿಲಿಂಡರು, ರಾಗಿಹಿಟ್ಟಿನ ಡಬ್ಬ, ಆಗಾಗ ಒಂದು ಇಲಿ. ರೈಲ್ವೆ ಲೈನು ಹತ್ತಿರವೇ ಇರುವುದರಿಂದ ಗೂಡ್ಸ್ ಗಾಡಿ ಹೋದಾಗಲೆಲ್ಲ ಸ್ಟ್ಯಾಂಡಿನ ಲೋಟಗಳು ತಾಳ ಹಾಕುತ್ತಿದ್ದವು. ಮೂವತ್ತು ವರ್ಷ ಯಾರೂ ಇದನ್ನು ಕೊರತೆ ಅಂದುಕೊಂಡಿರಲಿಲ್ಲ.

ಅರಸೀಕೆರೆಯವರಿಗೆ ತೆಂಗಿನಕಾಯಿ ಒಡೆಯಲು ಕತ್ತಿ ಬೇಕಿಲ್ಲ. ಕೊಬ್ಬರಿ ಮಾರುಕಟ್ಟೆಯ ಊರು. ಕೈಗೆ ಸಿಕ್ಕ ಅಂಚಿಗೆ ಕಾಯಿ ಕುಕ್ಕಿದರೆ ಎರಡು ಹೋಳು. ನನ್ನ ಹೆಂಡತಿ ದಿನಕ್ಕೊಂದು ಕಾಯಿಯಂತೆ ಕಟ್ಟೆಯ ಒಂದೇ ಮೂಲೆಗೆ ಕುಕ್ಕುತ್ತ ಬಂದಿದ್ದಳು. ಹೋದ ಕಾರ್ತಿಕದ ಒಂದು ಸೋಮವಾರ ಎಂದಿನಂತೆ ಕುಕ್ಕಿದಳು. ಕಾಯಿ ಹಾಗೇ ಇತ್ತು, ಕಟ್ಟೆ ಒಡೆಯಿತು.

ಬೆಂಗಳೂರಿನ ಮಗಳು ಫೋನಿನಲ್ಲಿ, "ಅಪ್ಪಾ, ಹೇಗಿದ್ರೂ ಒಡೆದಿದೆ, ಪೂರ್ತಿ ಮಾಡ್ಯುಲರ್ ಮಾಡಿಸಿಬಿಡಿ" ಅಂದಳು. ಹೆಂಡತಿಯ ಬೇಡಿಕೆ ಮೂರೇ. ಕಲ್ಲು ಕಪ್ಪಗಿರಲಿ. ಬಾಗಿಲು ಇಲಿ ನುಗ್ಗದಂತಿರಲಿ. ಎತ್ತರ ಈಗಿರೋದೇ ಇರಲಿ, ಮೂವತ್ತೆರಡು ಇಂಚು. "ಅದೆಲ್ಲ ನನಗೆ ಬಿಡು" ಅಂದೆ. ಮದುವೆಯಾದ ಮೇಲೆ ಈ ಮಾತು ಎಷ್ಟು ಸಲ ಆಡಿದ್ದೇನೋ, ಅವಳು ಆಗೆಲ್ಲ ನಿಟ್ಟುಸಿರು ಬಿಟ್ಟಿದ್ದಾಳೆ. ಅವತ್ತೂ ಬಿಟ್ಟಳು.

ಊರಾಚೆಯ ಗ್ರಾನೈಟಿನ ಅಂಗಡಿಗೆ ಹೋದೆವು. ಸ್ಲ್ಯಾಬುಗಳನ್ನು ಕಪಾಟಿನ ಪುಸ್ತಕಗಳ ಹಾಗೆ ಸಾಲಾಗಿ ಒರಗಿಸಿದ್ದರು. ಮಾಲೀಕ ಒಂದರ ಮೇಲೆ ಕೈಯಾಡಿಸಿ, "ಇದು ಬ್ಲ್ಯಾಕ್ ಗ್ಯಾಲಕ್ಸಿ" ಅಂದ. "ಆಂಧ್ರದ ಚೀಮಕುರ್ತಿಯದು" ಅಂದೆ. ಅವನು ಹುಬ್ಬೇರಿಸಿ ಇನ್ನೊಂದು ಕಪ್ಪು ತೋರಿಸಿದ. "ಚಾಮರಾಜನಗರದ ಕಡೇದೋ?" ಅಂದೆ. ಕೆಂಪು ತೋರಿಸಿದ. "ಇಳಕಲ್ಲು!" ಮಾಲೀಕ ಕೈಮುಗಿದ. ನನ್ನ ಗ್ರಹಚಾರ ಶುರುವಾದದ್ದು ಆ ಕೈಮುಗಿತದಿಂದ.

"ಮೇಷ್ಟ್ರೇ, ಕಲ್ಲು ತಿಳಿದೋರು ಕಪ್ಪು ಕೇಳಲ್ಲ. ಕಪ್ಪು ಎಲ್ಲಾರ ಮನೇಲೂ ಐತೆ. ನಿಮ್ಮಂಥೋರಿಗೆ ಅಂತ ಒಳಗೊಂದು ಮಡಗಿದೀನಿ" ಎಂದು ಹಿಂಬದಿಗೆ ಕರೆದೊಯ್ದ. ಅಲ್ಲಿ ಹಾಲಿನಂಥ ಅಮೃತಶಿಲೆ. ಪಕ್ಕದಲ್ಲಿ ಅದಕ್ಕಿಂತ ಬೆಳ್ಳಗಿನ ಕ್ವಾರ್ಟ್ಜ್. ಬೆಳಕು ಅದರ ಮೇಲೆ ಬಿದ್ದು ನನ್ನ ಮುಖಕ್ಕೆ ಹೊಡೆಯುತ್ತಿತ್ತು. ಹೊಯ್ಸಳರು ಕಪ್ಪಿನಲ್ಲಿ ಮಾಡಿದರು, ನಾನು ಬಿಳಿಯಲ್ಲಿ ಮಾಡುತ್ತೇನೆ ಎಂಬಂಥ ಒಂದು ಉಬ್ಬು ಎದೆಯೊಳಗೆ ಎದ್ದಿತು.

ಹೆಂಡತಿ ಅಷ್ಟು ಹೊತ್ತೂ ಸುಮ್ಮನಿದ್ದವಳು ಕೇಳಿದಳು: "ಅರಿಶಿನ ಬಿದ್ರೆ?"

"ಒರೆಸಿಕೊಂಡ್ರಾಯ್ತು ಅಮ್ಮಾ" ಅಂದ ಮಾಲೀಕ.

"ಯಾರು?" ಅಂದಳು.

ಮಾಲೀಕ ನನ್ನ ಮುಖ ನೋಡಿದ. ನಾನು ಇಳಕಲ್ಲಿನ ಮುಖ ನೋಡಿದೆ.

ಕೊನೆಗೆ ಅಂಗೈಯಗಲದ ಐದು ಸ್ಯಾಂಪಲ್ಲು ಕೊಟ್ಟು ಕಳಿಸಿದ: ಅಮೃತಶಿಲೆ, ಬಿಳಿ ಕ್ವಾರ್ಟ್ಜ್, ಕೆನೆಬಣ್ಣದ ಗ್ರಾನೈಟು, ಹಸಿರು, ಕಪ್ಪು. ರಾತ್ರಿ ನಾನು ಮಲಗಿದ ಮೇಲೆ ಹೆಂಡತಿ ಹಿತ್ತಿಲ ಒಗೆಯುವ ಕಲ್ಲಿನ ಮೇಲೆ ಐದನ್ನೂ ಸಾಲಾಗಿ ಕೂರಿಸಿ, ಪ್ರತಿಯೊಂದರ ಒಂದು ಮೂಲೆಗೆ ಹುಣಸೆಹುಳಿ, ಒಂದಕ್ಕೆ ಅರಿಶಿನ ಕಲಸಿದ ಎಣ್ಣೆ, ಒಂದಕ್ಕೆ ನಿಂಬೆರಸ ಹಾಕಿದ್ದಳು. ಮುದ್ದೆ ಪಾತ್ರೆಯನ್ನು ಒಲೆಯಿಂದ ಇಳಿಸಿದ್ದೇ ತಂದು ಒಂದೊಂದರ ಮೇಲೂ ಅಷ್ಟಷ್ಟು ಹೊತ್ತು ಕೂರಿಸಿದ್ದಳಂತೆ. ಬೆಳಿಗ್ಗೆ ತೊಳೆದು ತಟ್ಟೆಯಲ್ಲಿಟ್ಟು ಕಾಫಿಯ ಜೊತೆ ತಂದಿಟ್ಟಳು. ಅಮೃತಶಿಲೆಗೆ ಹುಳಿ ಬಿದ್ದ ಕಡೆ ಹೊಳಪು ಸತ್ತು ತೊನ್ನಿನಂಥ ಗುರುತು. ಕೆನೆಬಣ್ಣದ್ದು ಅರಿಶಿನ ಕುಡಿದು ಮದುಮಗಳಾಗಿತ್ತು. ಕ್ವಾರ್ಟ್ಜಿಗೆ ಹುಳಿ ತಾಕಿರಲಿಲ್ಲ, ಆದರೆ ಪಾತ್ರೆ ಕೂತಲ್ಲಿ ಮಾಸಲು ಬಳೆಯೊಂದು ಮೂಡಿತ್ತು. ಹಸಿರೂ ಕಪ್ಪೂ ಏನೂ ಆಗದವರಂತೆ ಕೂತಿದ್ದವು.

ನನ್ನ ಜೊತೆ ವಿಜ್ಞಾನ ಹೇಳುತ್ತಿದ್ದ ಮೇಷ್ಟ್ರಿಗೆ ಫೋನು ಹಚ್ಚಿದೆ, ಎಲ್ಲೋ ತಪ್ಪಾಗಿದೆ ಎನ್ನುವ ಆಸೆಯಿಂದ. ಅವರು ನಕ್ಕರು. ಅಮೃತಶಿಲೆ ಸುಣ್ಣದ ಕುಲದ್ದು, ಹುಳಿ ಕಂಡರೆ ಕರಗುತ್ತದೆ. ನಿಮ್ಮ ಕಡಪ ಕಲ್ಲೂ ಅದೇ ಕುಲ, ಕಪ್ಪಗಿದೆ ಅಷ್ಟೇ. ಕ್ವಾರ್ಟ್ಜ್ ಅಂದರೆ ಕಲ್ಲಿನ ಪುಡಿಯನ್ನು ರಾಳದಲ್ಲಿ ಕಲಸಿ ಅಚ್ಚು ಹಾಕಿದ್ದು, ಕಾದ ಪಾತ್ರೆ ತಡೆಯೋದು ಕಷ್ಟ. ಗ್ರಾನೈಟಿಗೆ ಹುಳಿಯ ಹಂಗಿಲ್ಲ, ಆದರೆ ತಿಳಿಬಣ್ಣದ್ದು ಎಣ್ಣೆ ಹೀರಿದರೆ ಎದ್ದು ಕಾಣುತ್ತದೆ. "ಈ ಪ್ರಯೋಗ ಮಾಡಿದ್ದು ನೀವಾ?" ಅಂತ ಕೊನೆಯಲ್ಲಿ ಕೇಳಿದರು. "ನಮ್ಮ ಮನೇಲಿ ಮಾಡಿದ್ವಿ" ಅಂದೆ.

ಸೋಲೊಪ್ಪಿಕೊಳ್ಳಲು ಇನ್ನೂ ಮನಸ್ಸಿರಲಿಲ್ಲ. ಬೇಲೂರಿನಲ್ಲಿ ಅಳಿಯನ ಮಾತಿಗೆ ಬೆಲೆಯಿದೆ, ಅತ್ತೆಯವರನ್ನೇ ಕೇಳೋಣ ಅಂದೆ. ಐದು ಕಲ್ಲು, ಜೊತೆಗೆ ಮಾಡ್ಯುಲರ್ ಅಂಗಡಿಯವರು ಕೊಟ್ಟ ಬಾಗಿಲುಗಳ ಬಣ್ಣದ ಚೂರುಗಳ ಗೊಂಚಲು, ಎಲ್ಲ ಒಂದು ಬ್ಯಾಗಿಗೆ ತುಂಬಿ ಬಸ್ಸು ಹತ್ತಿದೆವು. ಕಂಡಕ್ಟರ್ ಬ್ಯಾಗನ್ನು ಕಾಲಲ್ಲಿ ಸರಿಸಲು ಹೋಗಿ ಕಾಲು ಹಿಡಿದುಕೊಂಡ. "ಏನ್ ಮೇಷ್ಟ್ರೇ, ಗುಡಿ ಕಟ್ತೀರಾ?" ಬಾಣಾವರ ದಾಟಿ ಜಾವಗಲ್ ಬಂತು. ಕ್ರಿಕೆಟ್ಟಿನ ಶ್ರೀನಾಥ್ ಹೆಸರಿನ ಹಿಂದಿರುವ ಊರು ಇದೇ ಅಂದರೆ ಪ್ರವಾಸದ ಮಕ್ಕಳು ಎದ್ದು ಕೂರುತ್ತಿದ್ದರು. ಇಲ್ಲೊಂದು ಹೊಯ್ಸಳರ ಲಕ್ಷ್ಮೀನರಸಿಂಹ ಗುಡಿಯಿದೆ ಅಂದ ಕೂಡಲೇ ಮಲಗುತ್ತಿದ್ದರು. ಹೆಂಡತಿ ಆಗಲೇ ಮಲಗಿದ್ದಳು.

ಹಳೇಬೀಡಿನಲ್ಲಿ ಇಳಿಯೋಣ ಅಂದದ್ದು ನಾನೇ. ಕಾರಣವಿತ್ತು. ಗೊಂಚಲಿನಲ್ಲಿ ಅಕ್ರಿಲಿಕ್ ಎಂಬುದೊಂದಿತ್ತು, ಕನ್ನಡಿಯ ಹೊಳಪಿನದು. ಲ್ಯಾಮಿನೇಟು, ಪಿವಿಸಿ, ಮೆಂಬ್ರೇನು ಎಲ್ಲ ಅದರ ಮುಂದೆ ಮಂಕಾಗಿ ಕಾಣುತ್ತಿದ್ದವು. ಬಣ್ಣಗಳ ಹೆಸರೇ ಕ್ಯಾಪುಚಿನೊ, ಶಾಂಪೇನ್. ನಮ್ಮ ಅಡುಗೆಮನೆಗೆ ಎಂದೂ ಕಾಲಿಡದ ಪದಾರ್ಥಗಳು. ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಯ ಕಂಬಗಳು 1133ರಿಂದ ಹೊಳೆಯುತ್ತಿವೆಯಲ್ಲ, ಅದರ ಪಕ್ಕ ಹಿಡಿದು ನೋಡಬೇಕು ಅನ್ನುವುದು ನನ್ನ ಯೋಜನೆ. ಹೆಂಡತಿ ಹೊರಗೆ ನೆರಳಿನಲ್ಲಿ ಕಡಲೆಕಾಯಿ ಬಿಡಿಸುತ್ತ ಕೂತಳು.

ಬಸದಿಯ ಕಂಬಗಳನ್ನು ತಿರುಗಣೆಗೆ ಕೊಟ್ಟು ಕಡೆದದ್ದು. ಹತ್ತಿರ ನಿಂತರೆ ನಮ್ಮ ಬಿಂಬವೇ ನಮ್ಮನ್ನು ಅಣಕಿಸುತ್ತದೆ. ಒಂದು ಕಡೆ ಉದ್ದ, ಒಂದು ಕಡೆ ಅಗಲ. ನಾನು ನಿಂತ ಕಡೆ ಅಗಲ. ಹೊಟ್ಟೆ ಕಂಬದ ಆ ಅಂಚಿನಿಂದ ಈ ಅಂಚಿಗೆ ಮುಟ್ಟಿತ್ತು. ಪಕ್ಕದಲ್ಲಿ ಅಕ್ರಿಲಿಕ್ ಚೂರು ಹಿಡಿದು, ತಲೆ ವಾಲಿಸಿ, ಎರಡರಲ್ಲೂ ಮುಖ ನೋಡಿಕೊಂಡೆ. ಅಷ್ಟರಲ್ಲಿ ಯಾವುದೋ ಊರಿನ ಶಾಲೆಯ ಮಕ್ಕಳು ಬಂದು ನನ್ನನ್ನೇ ಗೈಡು ಅಂದುಕೊಂಡು ಸುತ್ತ ನಿಂತವು. ನಿವೃತ್ತನಾದ ಮೇಲೆ ಮೊದಲ ಸಲ ಕ್ಲಾಸು ಸಿಕ್ಕಿತ್ತು. ಅರ್ಧ ಗಂಟೆ ಬಿಡಲಿಲ್ಲ.

ಹೊರಗೆ ಬರುವಾಗ ಕಾವಲಿನ ಹುಡುಗ ತಡೆದ. "ಸಾರ್, ಬ್ಯಾಗಲ್ಲೇನು ಭಾರ?"

"ಕಲ್ಲು" ಅಂದೆ. ಮೇಷ್ಟ್ರಾದವನು ಸುಳ್ಳು ಹೇಳಬಾರದು.

ಹುಡುಗ ಕಪ್ಪನ್ನು ತೆಗೆದ. ಆಮೇಲೆ ಹಸಿರನ್ನು. ಒಂದು ಅಂಚು ನಯವಾಗಿ ಪಾಲಿಶ್ ಆಗಿದ್ದನ್ನು ಬೆರಳಿನಿಂದ ಸವರಿ, "ಇದು ಯಾವ್ ಕಂಬದ್ದು?" ಅಂದ. ನಾನು ಸಮಾಧಾನವಾಗಿ ವಿವರಿಸಲು ತೊಡಗಿದೆ. ಇದು ಬಳಪದ ಕಲ್ಲಲ್ಲಪ್ಪ, ಗ್ರಾನೈಟು. ಬಳಪದ ಕಲ್ಲಾದರೆ ಮುಟ್ಟಿದರೆ ಸೋಪಿನ ಜಾರಿಕೆ ಇರುತ್ತದೆ, ಉಳಿಗೆ ಸಲೀಸು, ಆದ್ದರಿಂದಲೇ ಹೊಯ್ಸಳ ಶಿಲ್ಪಿಗಳು ಅಷ್ಟು ಸಣ್ಣ ಕುಸುರಿ ಮಾಡಲು ಸಾಧ್ಯವಾಯಿತು, ಹೊಯ್ಸಳೇಶ್ವರ ಗುಡಿಯ ಪಟ್ಟಿಕೆಗಳಲ್ಲಿ ತಳದಲ್ಲಿ ಆನೆ, ಅದರ ಮೇಲೆ... ನಾನು ತಿಳಿದದ್ದೆಲ್ಲ ಹೇಳಿದಷ್ಟೂ ಅವನ ಕಣ್ಣು ಕಿರಿದಾಗುತ್ತ ಹೋಯಿತು. ಕಡೆಗೆ ಅಂದ: "ಇಷ್ಟೊಂದು ಗೊತ್ತಿರೋರೇ ಸಾರ್, ಎತ್ತೋದು."

ಶಾಲಾ ಮಕ್ಕಳು ಎರಡನೇ ಸಲ ನನ್ನ ಸುತ್ತ ನಿಂತವು. ಮೊದಲಿಗಿಂತ ಹೆಚ್ಚು ಶ್ರದ್ಧೆಯಿಂದ.

ಕಡಲೆಕಾಯಿ ಮುಗಿಸಿ ಬಂದ ಹೆಂಡತಿ ಒಂದು ಮಾತೂ ಆಡದೆ ಕಲ್ಲನ್ನು ಮಗುಚಿ ತೋರಿಸಿದಳು. ಹಿಂದೆ ಅಂಗಡಿಯ ಚೀಟಿ ಅಂಟಿತ್ತು, ಚದರಡಿಯ ದರದ ಸಮೇತ. ಸೆರಗಿನ ಗಂಟಿನಿಂದ ಸ್ಯಾಂಪಲ್ಲಿಗೆ ಕಟ್ಟಿದ ಡಿಪಾಜಿಟ್ಟಿನ ಬಿಲ್ಲೂ ಹೊರಬಂತು. ಹುಡುಗನ ಮುಖ ಅರಳಿತು. "ಅಡುಗೆಮನೆಗಾ ಅಕ್ಕ? ಹೇಳಬಾರ್ದಾ! ಬಿಳೀದು ಮಾತ್ರ ಹಾಕಿಸ್ಬೇಡಿ. ನಮ್ಮಣ್ಣ ಹಾಕ್ಸಿ ಕೆಟ್ಟ. ಈ ಕರೀದೇ ಸರಿ." ನಾನು ಹೇಳಿದ ಒಂಬತ್ತು ಶತಮಾನಗಳನ್ನು ನಂಬದವನು ಅವಳ ಒಂದು ಬಿಲ್ಲನ್ನು ನಂಬಿದ.

ಬೇಲೂರಿನಲ್ಲಿ ಅತ್ತೆಯವರು ಐದು ಕಲ್ಲನ್ನೂ ಮಡಿಲಲ್ಲಿಟ್ಟುಕೊಂಡು ನೋಡಿದರು. ಬಿಳಿಯದನ್ನು ಪಕ್ಕಕ್ಕಿಟ್ಟರು, ಅದರಲ್ಲಿ ಮಾತಿಗೇ ಅವಕಾಶವಿರಲಿಲ್ಲ. ಊಟಕ್ಕೆ ಮುದ್ದೆ, ಅವರೆಕಾಳಿನ ಸಾರು. ಮಾವಿನಕಾಯಿ ಉಪ್ಪಿನಕಾಯಿಯನ್ನು ಎಂದಿನ ಕಲ್ಲಿನ ಮರಿಗೆಯಿಂದ ಬಡಿಸಿದರು. ನಾನು ಬಳಪದ ಕಲ್ಲಿನ ಹಿರಿಮೆಯನ್ನು, ಗೇಟಿನಲ್ಲಿ ಅರ್ಧಕ್ಕೆ ನಿಂತದ್ದನ್ನು, ಅಲ್ಲಿಂದಲೇ ಮುಂದುವರಿಸುತ್ತಿದ್ದೆ. ಅತ್ತೆಯವರು, "ಅಳಿಯಂದಿರೇ, ಈ ಮರಿಗೆ ಯಾವ್ ಕಲ್ಲು ಅಂದ್ಕೊಂಡಿದ್ರಿ?" ಅಂದರು.

ಮದುವೆಯಾದಾಗಿನಿಂದ ಅದರಲ್ಲೇ ಉಪ್ಪಿನಕಾಯಿ ತಿಂದಿದ್ದೆ. ಮುಟ್ಟಿ ನೋಡಿದೆ. ಸೋಪಿನ ಜಾರಿಕೆ. ಹುಳಿ, ಉಪ್ಪು, ಖಾರ ಇಷ್ಟು ವರ್ಷ ಕೂತರೂ ಕಲ್ಲಿಗೆ ಏನೂ ಆಗಿರಲಿಲ್ಲ. ಚೆನ್ನಕೇಶವನ ಗುಡಿಯ ಕಲ್ಲಿನ ಜಾತಿ ನನ್ನ ಎಲೆಯ ಪಕ್ಕದಲ್ಲೇ ಇತ್ತು. ನಾನು ಅದನ್ನು ನೋಡಲು ಇಪ್ಪತ್ತೇಳು ಸಲ ಬಸ್ಸು ಮಾಡಿಸಿಕೊಂಡು ಬಂದಿದ್ದೆ.

ಅವತ್ತು ರಾತ್ರಿಯೇ ಅಮೆರಿಕದಲ್ಲಿರುವ ತಂಗಿಯ ಮಗನಿಗೆ ಮರಿಗೆಯ ಫೋಟೊ ಕಳಿಸಿದೆ. ಅವನು ತಿರುಗಿ ತನ್ನ ಗೆಳೆಯನ ಅಡುಗೆಮನೆಯ ಫೋಟೊ ಕಳಿಸಿದ. ಕಟ್ಟೆ ಪೂರ್ತಿ ಬಳಪದ ಕಲ್ಲು! ಅಲ್ಲಿ ಅದನ್ನು ಸೋಪ್‌ಸ್ಟೋನ್ ಅಂತ ಹೆಚ್ಚು ಹಣ ಕೊಟ್ಟು ಹಾಕಿಸುತ್ತಾರಂತೆ, ಆಗಾಗ ಎಣ್ಣೆ ಸವರಿ ಕಪ್ಪಗೆ ಮಾಡುತ್ತಾರಂತೆ, ಶಾಲೆಗಳ ಪ್ರಯೋಗಶಾಲೆಯ ಮೇಜಿಗೂ ಅದೇ ಕಲ್ಲಂತೆ, ಆಸಿಡ್ಡಿಗೂ ಜಗ್ಗುವುದಿಲ್ಲವಂತೆ. ನಾನು ಹಾಸಿಗೆಯಲ್ಲಿ ಎದ್ದು ಕೂತೆ. "ಹಾಕಿಸಿದ್ರೆ ಬಳಪದ ಕಲ್ಲೇ ಹಾಕಿಸೋದು" ಅಂದೆ. ಹೆಂಡತಿ ಮಗ್ಗುಲಾಗದೆ ಅಂದಳು: "ಉಗುರಲ್ಲಿ ಗೀಚಿದ್ರೆ ಗೆರೆ ಬೀಳೋ ಕಲ್ಲಿನ ಮೇಲೆ ನಾನು ಕಾಯಿ ಕುಕ್ಕಲಾ? ಮಲ್ಕೊಳಿ."

ಕಪ್ಪು ಗ್ರಾನೈಟು ಹೀಗೆ ಇತ್ಯರ್ಥವಾಯಿತು. ಕಲ್ಲಿನಲ್ಲಿ ಸೋತ ಗಂಡಸು ಬಾಗಿಲಿನಲ್ಲಾದರೂ ಗೆಲ್ಲಬೇಕಲ್ಲ. ಪ್ಲೈವುಡ್ಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಾಳೆಯ ಮೇಲೆ 710 ಅಂತ ಅಚ್ಚಿದ್ದರೆ ನೀರು ತಡೆಯುತ್ತದೆ, ಸಿಂಕಿನ ಕೆಳಗೆ ಅದೇ ಇರಲಿ ಎಂದು ಬಡಗಿ ಹೇಳಿದ, ನಾನೂ ಕೈಯಲ್ಲಿ ತಟ್ಟಿ ನೋಡಿ ತಲೆಯಾಡಿಸಿದೆ. ತಟ್ಟಿದಾಗ ಏನು ಕೇಳಿಸಬೇಕಿತ್ತೋ ಇವತ್ತಿಗೂ ತಿಳಿಯದು. ಆದರೆ ಮೇಲ್ಮೈ ಅಕ್ರಿಲಿಕ್ಕೇ ಆಗಬೇಕು, ಬಿಳಿಯದೇ ಆಗಬೇಕು, ಹಿಡಿ ಇರಕೂಡದು ಅಂದೆ. ಅಂಗಡಿಯವನು ಪುಷ್ ಓಪನ್ ಎಂಬುದನ್ನು ತೋರಿಸಿದ್ದ. ಬಾಗಿಲಿಗೆ ಹಿಡಿಯೇ ಇಲ್ಲ. ಬೆರಳಿನಿಂದ ಮೆಲ್ಲಗೆ ಒತ್ತಿದರೆ ತಾನೇ ತೆರೆದುಕೊಳ್ಳುತ್ತದೆ. ಅಂಗಡಿಯಲ್ಲಿ ಹನ್ನೊಂದು ಸಲ ಒತ್ತಿದೆ. ಹನ್ನೊಂದು ಸಲವೂ ತೆರೆಯಿತು. "ಕೈಯಲ್ಲಿ ಹಿಟ್ಟಿದ್ರೆ?" ಅಂದಳು ಹೆಂಡತಿ. "ಮೊಣಕೈಯಲ್ಲಿ ಒತ್ತು" ಅಂದೆ. ಅವಳು ಮತ್ತೆ ನಿಟ್ಟುಸಿರು ಬಿಟ್ಟಳು.

ಕೆಲಸ ಶುರುವಾದ ದಿನ ಮೇಸ್ತ್ರಿ ಮೂಲೆಮಟ್ಟ ಇಟ್ಟು ನೋಡಿ, "ಈ ಅಡುಗೆಮನೇಲಿ ಒಂದು ಮೂಲೇನೂ ಮಟ್ಟಕ್ಕಿಲ್ಲ" ಅಂದ. ನಮ್ಮೂರ ಶಿವಾಲಯವೂ ನಕ್ಷತ್ರದ ಆಕಾರದ್ದೇ, ಅಲ್ಲೂ ಗೋಡೆ ನೆಟ್ಟಗೆ ಹೋಗುವುದಿಲ್ಲ, 1220ರ ಸುಮಾರಿಗೆ ಕಟ್ಟಿದ್ದು ಇವತ್ತಿಗೂ ನಿಂತಿದೆ ಎಂದು ಧೈರ್ಯ ಹೇಳಿದೆ. ಮೇಸ್ತ್ರಿ ಟೇಪು ಮಡಚಿ ಬೀಡಿ ಹಚ್ಚಲು ಹೊರಗೆ ಹೋದ.

ಗ್ರಾನೈಟು ಕೂರಿಸುವವರು ರಾಜಸ್ಥಾನದವರು, ಕನ್ನಡ ಬಾರದು. ಹೆಂಡತಿ ಮೂರು ಬೆರಳು ಎರಡು ಬೆರಳು ತೋರಿಸಿ ಅವರಿಗೆ ಎತ್ತರ ತಿಳಿಸುತ್ತಿದ್ದಳು. ಅದನ್ನು ನೋಡಿ ನನಗೆ ನಾಚಿಕೆಯಾಯಿತು. ಹಿಂದಿ ಪ್ರಚಾರ ಸಭೆಯ ರಾಷ್ಟ್ರಭಾಷಾ ಪರೀಕ್ಷೆ ಪಾಸಾದವನು ಮನೆಯಲ್ಲಿರುವಾಗ ಬೆರಳ ಭಾಷೆಯೇ? ನಡುವೆ ನುಗ್ಗಿ, ಗಂಟಲು ಸರಿಮಾಡಿಕೊಂಡು, "ಭಾಯ್ ಸಾಬ್, ಊಂಚಾಯೀ ಛತ್ತೀಸ್ ಇಂಚ್" ಅಂದೆ. ಅವರಲ್ಲಿ ಒಬ್ಬ ಅನುಮಾನದಿಂದ ಹೆಂಡತಿಯ ಎತ್ತರ ನೋಡಿ, "ಛತ್ತೀಸ್?" ಅಂತ ಕೇಳಿದ. "ಪಕ್ಕಾ ಛತ್ತೀಸ್" ಅಂದೆ. ಮೂವತ್ತೆರಡಕ್ಕೆ ಬತ್ತೀಸ್ ಅನ್ನಬೇಕು, ಛತ್ತೀಸ್ ಅಂದರೆ ಮೂವತ್ತಾರು. ಇದು ನನಗೆ ಹೊಳೆದದ್ದು ಸಿಮೆಂಟು ಒಣಗಿದ ಮೇಲೆ, ರಾತ್ರಿ ಎರಡು ಗಂಟೆಗೆ.

ಹೆಂಡತಿಯ ಎತ್ತರ ಐದಡಿಗೆ ಒಂದಿಂಚು ಕಮ್ಮಿ. ಹೊಸ ಕಟ್ಟೆಯ ಮೇಲೆ ಒಲೆ, ಒಲೆಯ ಮೇಲೆ ಪಾತ್ರೆ, ಪಾತ್ರೆಯೊಳಗೆ ಮುದ್ದೆ. ಮುದ್ದೆ ತೊಳಸುವುದು ಬೆರಳಿನ ಕೆಲಸವಲ್ಲ. ಕೋಲು ಹಿಡಿದು ಮೇಲಿಂದ ಮೈಭಾರ ಬಿಡಬೇಕು. ಅವಳ ಮೈಭಾರ ಇದ್ದಲ್ಲಿಗೆ ಪಾತ್ರೆ ಇರಲಿಲ್ಲ. ಮೊದಲ ದಿನ ತುದಿಗಾಲಲ್ಲಿ ತೊಳಸಿದ ಮುದ್ದೆಯಲ್ಲಿ ಗೋಲಿಯಾಡುವಷ್ಟು ಗಂಟು. ಗಂಟು ತಿನ್ನುತ್ತ ನಾನು ಬಾಯಿಬಿಡಲಿಲ್ಲ. ಮಾರನೇ ದಿನ ಅಟ್ಟದಿಂದ ಮರದ ಮಣೆಯೊಂದು ಇಳಿಯಿತು. ನೋಡಿದರೆ ನಮ್ಮ ಹಸೆಮಣೆ. ಮದುವೆಯಲ್ಲಿ ನಾವಿಬ್ಬರೂ ಕೂತಿದ್ದರ ಮೇಲೆ ಈಗ ದಿನವೂ ಅವಳೊಬ್ಬಳೇ ನಿಲ್ಲುತ್ತಾಳೆ.

ಬಾಗಿಲುಗಳದ್ದು ಬೇರೆ ಕಥೆ. ಕೊಬ್ಬರಿ ಎಣ್ಣೆಯ ಮನೆ ನಮ್ಮದು. ಬಿಳಿ ಅಕ್ರಿಲಿಕ್ಕಿನ ಮೇಲೆ ಪ್ರತಿ ಬೆರಳೂ ಸಹಿ ಮಾಡುತ್ತದೆ. ರಾತ್ರಿ ಚಕ್ಕುಲಿ ಡಬ್ಬಕ್ಕೆ ಕೈಹಾಕಿದ್ದು ನಾನೇ ಎಂದು ಬೆಳಿಗ್ಗೆ ಅವಳು ಬೆಳಕಿಗೆ ಓರೆಯಾಗಿ ನೋಡಿ ಹೇಳುತ್ತಾಳೆ. ಹೊಯ್ಸಳ ಶಿಲ್ಪಿಗಳು ಕೂಡ ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿದ್ದಾರೆ ಅಂದೆ. ಅದು ಉಪಯೋಗಕ್ಕೆ ಬರಲಿಲ್ಲ. ಇನ್ನು ಪುಷ್ ಓಪನ್. ನೀರು ಕುಡಿಯಲು ಸಿಂಕಿನ ಮುಂದೆ ನಿಲ್ಲುತ್ತೇನೆ, ಹೊಟ್ಟೆ ತಾಗುತ್ತದೆ, ಕೆಳಗಿನ ಬಾಗಿಲು ಠಪ್ಪನೆ ತೆರೆದು ಮೊಣಕಾಲಿಗೆ ಬಡಿಯುತ್ತದೆ. ಅದನ್ನು ಮುಚ್ಚಲು ಬಗ್ಗುತ್ತೇನೆ, ಹಿಂಬದಿ ಎದುರಿನ ಸಾಲಿಗೆ ತಾಗುತ್ತದೆ, ಆ ಬಾಗಿಲೂ ತೆರೆಯುತ್ತದೆ. ಬಸದಿಯ ಕಂಬ ಮೊದಲೇ ಎಚ್ಚರಿಕೆ ಕೊಟ್ಟಿತ್ತು, ನಾನು ಅಂದು ಪಾಲಿಶ್ ಮಾತ್ರ ನೋಡಿದ್ದೆ. ಈಗ ಮನೆಯಲ್ಲಿ ಒಂದು ಲೋಟ ನೀರು ಬೇಕಾದರೆ ಹೊರಗಿನಿಂದ ಕೂಗಿ ಕೇಳಬೇಕೆಂದು ತೀರ್ಮಾನವಾಗಿದೆ.

ಸಿಲಿಂಡರಿನ ಮುಂದಿನ ಬಾಗಿಲೊಂದು ಅಳತೆ ತಪ್ಪಿ ವಾಪಸ್ಸು ಹೋಯಿತು. ನಾಳೆ ತರುತ್ತೇನೆ ಅಂದವನು ಇನ್ನೂ ತಂದಿಲ್ಲ. ಹೊಯ್ಸಳೇಶ್ವರ ಗುಡಿಯೂ ಪೂರ್ತಿಯಾಗದೆ ಹಾಗೇ ನಿಂತಿದೆ ಎಂದು ನಾನು ತಡೆದುಕೊಂಡಿದ್ದೇನೆ. ಆ ಖಾಲಿ ಜಾಗಕ್ಕೆ ಹೆಂಡತಿ ಎರಡು ಮೊಳೆ ಹೊಡೆದು ಹಳೇ ತಂತಿ, ಹಳೇ ಪರದೆ ಕಟ್ಟಿದ್ದಾಳೆ. ದಿನಬಳಕೆಯ ಸಾಮಾನು ಒಂದೊಂದಾಗಿ ಅಲ್ಲಿಗೆ ಜರುಗುತ್ತಿದೆ. ಒಡೆದ ಕಡಪ ಕಲ್ಲು ಹಿತ್ತಿಲಲ್ಲಿ ನಾಲ್ಕು ಇಟ್ಟಿಗೆಯ ಮೇಲೆ ಕೂತಿದೆ. ಕಾಯಿ ಕುಕ್ಕುವುದು ಅಲ್ಲೇ, ನೀರು ಚಿಮುಕಿಸಿ ಮುದ್ದೆ ಕಟ್ಟುವುದೂ ಅಲ್ಲೇ.

ಮೊನ್ನೆ ಸಂಜೆ ಅವಳು ಹಸೆಮಣೆಯ ಮೇಲೆ ನಿಂತು ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಒಂದು ಕೈ ಸೊಂಟದ ಮೇಲೆ, ಇನ್ನೊಂದರಲ್ಲಿ ಸೌಟು, ತಲೆ ಕೊಂಚ ಓರೆ. ಕಪ್ಪು ಗ್ರಾನೈಟಿನಲ್ಲಿ ದೀಪದ ಬೆಳಕು. ಬಾಗಿಲ ಹೊರಗೆ ನಿಂತೇ, "ಬೇಲೂರು ಗುಡಿಗೆ ಜಗತಿ ಹೇಗೋ ನಿನಗೆ ಈ ಮಣೆ ಹಾಗೆ. ಥೇಟ್ ಶಿಲಾಬಾಲಿಕೆ ಕಣೇ" ಅಂದೆ. ಮೂವತ್ತು ಚಿಲ್ಲರೆ ವರ್ಷದ ಸಂಸಾರದಲ್ಲಿ ನಾನು ಹೇಳಿದ ಒಳ್ಳೆಯ ಮಾತುಗಳಲ್ಲಿ ಅದೊಂದು ಅನ್ನಿಸಿತ್ತು.

ಅವಳು ಸೌಟು ನಿಲ್ಲಿಸಿದಳು. "ಅಲ್ಲಿ ಎಷ್ಟು ಜನ ಇದ್ದಾರೆ ಅಂದ್ರಿ?"

"ನಲವತ್ತೆರಡು. ಹೊರಗೆ ಮೂವತ್ತೆಂಟು, ಒಳಗೆ ನಾಲ್ಕು."

"ಒಬ್ಳು ಕನ್ನಡಿ ನೋಡ್ಕೋತಾಳೆ. ಒಬ್ಳು ಗಿಳಿ ಇಟ್ಕೊಂಡಿದಾಳೆ. ಒಬ್ಳು ಬೇಟೆಗೆ ಹೊರಟಿದಾಳೆ. ಉಳಿದೋರು ಕುಣೀತಾರೆ. ನಲವತ್ತೆರಡು ಜನದಲ್ಲಿ ಒಬ್ಬಳಾದ್ರೂ ಮುದ್ದೆ ತೊಳಸ್ತಿರೋದು ನೋಡಿದೀರಾ?"

ಮನಸ್ಸಿನಲ್ಲೇ ಗುಡಿಗೆ ಒಂದು ಸುತ್ತು ಪ್ರದಕ್ಷಿಣೆ ಬಂದೆ. ಇನ್ನೊಂದು ಸುತ್ತೂ ಬಂದೆ. "ನೆನಪಾಗ್ತಿಲ್ಲ" ಅಂದೆ. "ಭಾನುವಾರ ಹೋಗಿ ಸರಿಯಾಗಿ ನೋಡಿಬರ್ತೀನಿ."

"ಹೋಗಿಬನ್ನಿ" ಅಂದಳು. "ಹಾಗೇ ಅವ್ವನ ಮನೆಯಿಂದ ಆ ಉಪ್ಪಿನಕಾಯಿ ಮರಿಗೆ ತಗೊಂಡು ಬನ್ನಿ, ನನಗೇ ಕೊಟ್ಟಿದಾಳೆ. ಬರುವಾಗ ಹಳೇಬೀಡಲ್ಲಿ ಮಾತ್ರ ಇಳೀಬೇಡಿ. ಈ ಸಲ ನಿಮ್ಮ ಹತ್ರ ಬಿಲ್ಲಿರಲ್ಲ."